ಅರಿವೆ ಒಗೆಯುವ ಯಂತ್ರ: ಕೊಳ್ಳುವ ಮೊದಲು ಮಾಡಬೇಕಾದ ಐದು ಪರೀಕ್ಷೆಗಳು

ಅಕ್ಕಲಕೋಟೆ, ಜತ್ತ, ಮಂಗಳವೇಢೆ, ದಕ್ಷಿಣ ಸೊಲ್ಲಾಪುರದ ಕಡೆಯ ಒಕ್ಕಲುತನದ ಮನೆಗಳಿಗೂ ಈಗ ಅರಿವೆ ಒಗೆಯುವ ಯಂತ್ರ ಬರತೊಡಗಿದೆ. ಇದು ಸಂತೋಷದ ಮಾತು. ಹೊಲದ ಕೆಲಸ, ದನದ ಕೆಲಸ, ಅಡಿಗೆಯ ಕೆಲಸ ಇವೆಲ್ಲ ಮುಗಿದ ಮೇಲೆ ಒಗೆಯುವ ಕಲ್ಲಿನ ಮುಂದೆ ಬಗ್ಗಿ ನಿಲ್ಲುವವಳು ಮನೆಯ ಹೆಣ್ಣುಮಗಳೇ. ಎರೆಮಣ್ಣು ಹತ್ತಿದ ಧೋತರವನ್ನು ನೆನೆಯಿಟ್ಟು, ತಿಕ್ಕಿ, ಬಡಿದು, ಜಾಲಿಸಿ, ಹಿಂಡುವ ಶ್ರಮವು ನೀರು ಹೊರುವ ಶ್ರಮಕ್ಕಿಂತ ಕಡಿಮೆಯದಲ್ಲ. ಆ ಶ್ರಮವನ್ನು ಯಂತ್ರಕ್ಕೆ ಒಪ್ಪಿಸುವುದು ಶೋಕಿಯಲ್ಲ. ರಾಶಿ ಮಾಡುವ ಯಂತ್ರದಂತೆ ಇದೂ ಒಕ್ಕಲಿಗರ ಮನೆಯ ಒಂದು ಸಾಧನವೇ.

ಆದರೆ ಎತ್ತು ಕೊಳ್ಳುವಾಗ ಹಲ್ಲು, ಗೊರಸು, ನಡಿಗೆ ಎಲ್ಲವನ್ನೂ ನೋಡುವ ನಮ್ಮವರು ಈ ಯಂತ್ರವನ್ನು ಕೊಳ್ಳುವಾಗ ಬಣ್ಣವನ್ನೂ ಗುಂಡಿಗಳ ಸಂಖ್ಯೆಯನ್ನೂ ನೋಡಿ ಹಣ ಎಣಿಸಿ ಬರುತ್ತಾರೆ. ಮನೆಗೆ ತಂದ ಮೇಲೆ ನಳದ ನೀರು ಯಂತ್ರಕ್ಕೆ ಏರುವುದಿಲ್ಲ; ಇಲ್ಲವೆ ಪಂಪು ಹಚ್ಚಿದ ಹೊತ್ತಿನಲ್ಲಿ ಯಂತ್ರ ತಿರುಗುವುದಿಲ್ಲ; ಇಲ್ಲವೆ ಕೆಟ್ಟಾಗ ರಿಪೇರಿಗೆ ಬರುವವರೇ ಇಲ್ಲ. ಕಡೆಗೆ ಸಾವಿರಾರು ರೂಪಾಯಿಯ ಯಂತ್ರ ಮೂಲೆ ಸೇರಿ, ಅದರ ಮೇಲೆ ಹಾಸಿಗೆ ಒಟ್ಟುವುದಾಗುತ್ತದೆ. ಹೆಣ್ಣುಮಗಳು ಮತ್ತೆ ಕಲ್ಲಿಗೇ ಹೋಗುತ್ತಾಳೆ. ಇದಕ್ಕೆ ಕಾರಣ ಹಲವು ಸಲ ಯಂತ್ರದ ದೋಷವಲ್ಲ, ಆ ಯಂತ್ರವು ಆ ಮನೆಗೆ ಹೊಂದದಿರುವುದು. ಆದುದರಿಂದ ಮೊದಲು ಮನೆಯನ್ನು ಪರೀಕ್ಷಿಸಬೇಕು, ಆಮೇಲೆ ಯಂತ್ರವನ್ನು ಪರೀಕ್ಷಿಸಬೇಕು. ಈ ಪಾಠದ ತಾತ್ಪರ್ಯವೆಲ್ಲ ಇಷ್ಟೆ.

ಕೊಳೆ ಹೋಗುವುದು ಹೇಗೆ?

“ಮಾಸ್ತರ್ರ, ಕಲ್ಲಿನ ಮ್ಯಾಲ ಬಡದಷ್ಟು ಸ್ವಚ್ಛ ಮಶೀನಿನ್ಯಾಗ ಆಗತೈತೇನ್ರಿ?” ಎಂದು ಹಿರಿಯರು ಕೇಳುವುದುಂಟು. ಪ್ರಶ್ನೆ ಸರಿಯಾದುದೇ. ಜರ್ಮನಿಯ ರಸಾಯನ ತಜ್ಞ ಹರ್ಬರ್ಟ್ ಸಿನ್ನರ್ ಎಂಬವರು ೧೯೫೯ರಲ್ಲಿ ಇದಕ್ಕೊಂದು ಸುಲಭವಾದ ಸೂತ್ರ ಹೇಳಿದರು. ಕೊಳೆ ಹೋಗುವುದಕ್ಕೆ ನಾಲ್ಕು ಸಂಗತಿಗಳು ಬೇಕು: ಸಾಬೂನಿನ ಗುಣ, ತಿಕ್ಕಾಟದ ಬಲ, ನೀರಿನ ಬಿಸಿ, ಮತ್ತು ವೇಳೆ. ಇವುಗಳಲ್ಲಿ ಒಂದು ಕಡಿಮೆಯಾದರೆ ಉಳಿದವುಗಳಲ್ಲಿ ಯಾವುದನ್ನಾದರೂ ಹೆಚ್ಚಿಸಬೇಕು.

ಕಲ್ಲಿನ ಮೇಲೆ ಬಡಿಯುವಾಗ ತಿಕ್ಕಾಟ ಬಹಳ, ವೇಳೆ ಕಡಿಮೆ. ಯಂತ್ರದಲ್ಲಿ ತಿಕ್ಕಾಟ ಮೆತ್ತಗೆ. ಆದುದರಿಂದ ವೇಳೆಯನ್ನು ಹೆಚ್ಚು ಕೊಡಬೇಕು. ಎರೆಮಣ್ಣಿನ ಅರಿವೆಗಳನ್ನು ಮೊದಲು ಬರಿಯ ನೀರಿನಲ್ಲಿ ಜಾಡಿಸಿ ಮಣ್ಣು ಬಿಡಿಸಿ, ಬಳಿಕ ಅರ್ಧ ತಾಸು ಸಾಬೂನಿನ ನೀರಿನಲ್ಲಿ ನೆನೆಯಿಟ್ಟು, ಕೊರಳಪಟ್ಟಿ, ತೋಳಿನ ತುದಿಗಳಿಗೆ ಒಂದಿಷ್ಟು ಕುಂಚ ಆಡಿಸಿ ಯಂತ್ರಕ್ಕೆ ಹಾಕಿದರೆ ಕಲ್ಲಿಗೆ ಸಮನಾಗಿ ಸ್ವಚ್ಛವಾಗುತ್ತವೆ. ಅರಿವೆಯೂ ಬೇಗ ಪಿಸಿಯುವುದಿಲ್ಲ.

ಎರಡು ಜಾತಿಯ ಯಂತ್ರಗಳು

ಮೇಲಿನಿಂದ ಅರಿವೆ ಹಾಕುವ ಯಂತ್ರಗಳಲ್ಲಿ ಎರಡು ಜಾತಿಗಳಿವೆ.

ಒಂದನೆಯದು ಜೋಡು ತೊಟ್ಟಿಯದು, ಅಂದರೆ ಸೆಮಿ ಆಟೋಮ್ಯಾಟಿಕ್. ಒಂದು ತೊಟ್ಟಿಯಲ್ಲಿ ಒಗೆಯುತ್ತದೆ, ಇನ್ನೊಂದರಲ್ಲಿ ಹಿಂಡುತ್ತದೆ. ನೀರನ್ನು ನಳದಿಂದ ಬಿಡಬಹುದು, ಕೊಡದಿಂದಲೂ ಸುರಿಯಬಹುದು. ಒಗೆದ ಅರಿವೆಗಳನ್ನು ಹಿಂಡುವ ತೊಟ್ಟಿಗೆ ಕೈಯಿಂದಲೇ ಎತ್ತಿ ಹಾಕಬೇಕು. ಒಳಗಿನ ರಚನೆ ಸರಳ: ಎರಡು ಮೋಟಾರು, ಗಡಿಯಾರದಂತಹ ತಿರುಗು ಗುಂಡಿಗಳು, ಒಂದು ಬೆಲ್ಟು. ಬೆಲೆಯೂ ಕಡಿಮೆ.

ಎರಡನೆಯದು ಒಂದೇ ತೊಟ್ಟಿಯದು, ಅಂದರೆ ಫುಲ್ಲಿ ಆಟೋಮ್ಯಾಟಿಕ್. ಅರಿವೆ, ಸಾಬೂನಿನ ಪುಡಿ ಹಾಕಿ ಗುಂಡಿ ಒತ್ತಿದರೆ ನೀರು ತಾನೇ ತುಂಬಿಕೊಂಡು, ಒಗೆದು, ಜಾಲಿಸಿ, ಹಿಂಡಿ ನಿಲ್ಲುತ್ತದೆ. ಮನುಷ್ಯರ ವೇಳೆ ಉಳಿಯುತ್ತದೆ. ಆದರೆ ನಳದಲ್ಲಿ ಸಾಕಷ್ಟು ಒತ್ತಡ ಬೇಕು. ಒಳಗೆ ವಿದ್ಯುತ್ತಿನ ಸೂಕ್ಷ್ಮ ಫಲಕವಿರುವುದರಿಂದ ರಿಪೇರಿ ಎಲ್ಲರಿಗೂ ಸಾಧ್ಯವಲ್ಲ.

ಎರಡರಲ್ಲಿಯೂ ಸಾಮಾನ್ಯವಾಗಿ ತಳದಲ್ಲಿ ಪಲ್ಸೇಟರ್ ಎಂಬ ತಿರುಗುವ ತಟ್ಟೆ ಇರುತ್ತದೆ. ಅದು ಎಡಕ್ಕೂ ಬಲಕ್ಕೂ ತಿರುಗಿ ನೀರಿನಲ್ಲಿ ಸುಳಿ ಎಬ್ಬಿಸುತ್ತದೆ. ಅರಿವೆಗಳು ಆ ಸುಳಿಯಲ್ಲಿ ಒಂದಕ್ಕೊಂದು ತಿಕ್ಕಿಕೊಳ್ಳುತ್ತವೆ. ತೊಟ್ಟಿಯನ್ನು ಗಂಟಲತನಕ ತುಂಬಿದರೆ ಸುಳಿ ಏಳುವುದಿಲ್ಲ, ಕೊಳೆಯೂ ಹೋಗುವುದಿಲ್ಲ. ಮುಕ್ಕಾಲು ಪಾಲು ಮಾತ್ರ ತುಂಬುವುದು ಒಳ್ಳೆಯ ರೂಢಿ.

ಮುಂದಿನಿಂದ ಅರಿವೆ ಹಾಕುವ ಯಂತ್ರಗಳೂ ಉಂಟು. ಅವು ನೀರನ್ನು ಕಡಿಮೆ ಬಳಸುತ್ತವೆಂಬುದು ನಿಜ. ಆದರೆ ಬೆಲೆ ಹೆಚ್ಚು, ಕೊಡದಿಂದ ನೀರು ಹಾಕಲಾಗದು, ಸಾಮಾನ್ಯ ಪುಡಿಯ ಹೆಚ್ಚು ನೊರೆ ಅವುಗಳಿಗೆ ಆಗದು. ಮೇಲಿನಿಂದ ಹಾಕುವ ಯಂತ್ರದ ಮುಂದೆ ಬಗ್ಗುವ ಪ್ರಸಂಗವೂ ಕಡಿಮೆ. ಇಲ್ಲಿ ಅದರ ವಿಚಾರವನ್ನೇ ಮಾಡೋಣ.

ಒಂದನೆಯ ಪರೀಕ್ಷೆ: ನೀರಿನ ಒತ್ತಡ

ಯಂತ್ರದ ಪುಸ್ತಿಕೆಯಲ್ಲಿ ಬೇಕಾಗುವ ಕನಿಷ್ಠ ಒತ್ತಡವನ್ನು ಬರೆದಿರುತ್ತಾರೆ. ೧೦ ಮೀಟರು ಎತ್ತರದ ನೀರು ಸುಮಾರು ೧ ಬಾರ್ ಒತ್ತಡ ಕೊಡುತ್ತದೆ. ಪುಸ್ತಿಕೆಯಲ್ಲಿ ೦.೩ ಬಾರ್ ಎಂದಿದ್ದರೆ ನಿಮ್ಮ ಮಾಳಿಗೆಯ ಟಾಕಿಯ ತಳವು ಯಂತ್ರದ ನಳಕ್ಕಿಂತ ೩ ಮೀಟರು, ಅಂದರೆ ಸುಮಾರು ೧೦ ಅಡಿ ಮೇಲಿರಬೇಕು. ಒಂದಂತಸ್ತಿನ ಮನೆಯ ಮಾಳಿಗೆಯ ಮೇಲೆ ಟಾಕಿಯನ್ನು ಹಾಗೆಯೇ ಇಟ್ಟಿದ್ದರೆ ಇಷ್ಟು ಎತ್ತರ ಸಿಗುವುದು ಕಷ್ಟ. ಟಾಕಿಯ ಕೆಳಗೆ ಮೂರು ನಾಲ್ಕು ಅಡಿ ಕಟ್ಟೆ ಕಟ್ಟಿದರೆ ಸಾಲುತ್ತದೆ. ಕಡಿಮೆ ಒತ್ತಡದಲ್ಲಿಯೂ ನೀರು ತುಂಬಿಕೊಳ್ಳುವ ಯಂತ್ರಗಳೂ ಇವೆ. ಕೇಳಿ, ಪುಸ್ತಿಕೆಯಲ್ಲಿ ಕಣ್ಣಾರೆ ನೋಡಿ ಕೊಳ್ಳಬೇಕು. ಟ್ಯಾಂಕರಿನ ನೀರು, ಹೊತ್ತು ತಂದ ನೀರು ಇದ್ದ ಮನೆಗೆ ಜೋಡು ತೊಟ್ಟಿಯದೇ ಯೋಗ್ಯ.

ಎರಡನೆಯ ಪರೀಕ್ಷೆ: ನೀರಿನ ಗಡಸುತನ

ಬೋರಿನ ನೀರಿನಲ್ಲಿ ಸುಣ್ಣದ ಲವಣಗಳು ಹೆಚ್ಚಿದ್ದರೆ ಅದಕ್ಕೆ ಗಡಸು ನೀರು ಎನ್ನುತ್ತೇವೆ. ತೊಗರಿಬೇಳೆ ಬೇಗ ಬೇಯದ ನೀರು, ಹಂಡೆಯ ತಳಕ್ಕೆ ಬಿಳಿಯ ಹಕ್ಕಳೆ ಕಟ್ಟುವ ನೀರು, ದ್ರಾಕ್ಷಿ ದಾಳಿಂಬದ ಹನಿ ನೀರಾವರಿಯ ತೂತುಗಳನ್ನು ಕಟ್ಟಿಸುವ ನೀರು ಇದೇ.

ಇದನ್ನು ಮಕ್ಕಳಿಂದಲೂ ಪರೀಕ್ಷೆ ಮಾಡಿಸಬಹುದು. ಎರಡು ಬಾಟಲಿಗಳನ್ನು ತೆಗೆದುಕೊಳ್ಳಿರಿ. ಒಂದರಲ್ಲಿ ಮಳೆಯ ನೀರು, ಇನ್ನೊಂದರಲ್ಲಿ ಬೋರಿನ ನೀರು ಮೂರನೆಯ ಒಂದು ಪಾಲಿನಷ್ಟು ಹಾಕಿರಿ. ಮೈಗೆ ಹಚ್ಚುವ ಸಾಬೂನಿನ ಹೆರಕಲನ್ನು ಎರಡಕ್ಕೂ ಸಮನಾಗಿ ಹಾಕಿ ಚೆನ್ನಾಗಿ ಅಲುಗಿಸಿರಿ. ಮಳೆಯ ನೀರಿನಲ್ಲಿ ನೊರೆ ನಿಲ್ಲುತ್ತದೆ. ಗಡಸು ನೀರಿನಲ್ಲಿ ನೊರೆ ಬಾರದೆ ಮಜ್ಜಿಗೆ ಒಡೆದಂತೆ ಬಿಳಿಯ ಕಸ ತೇಲುತ್ತದೆ. ಅಂಕಿಯೇ ಬೇಕೆಂದರೆ ನೀರನ್ನು ಪ್ರಯೋಗಶಾಲೆಗೆ ಕಳಿಸಬೇಕು. ಕುಡಿಯುವ ನೀರಿನ ಭಾರತೀಯ ಮಾನಕವು (೨೦೧೨) ಗಡಸುತನಕ್ಕೆ ಲೀಟರಿಗೆ ೨೦೦ ಮಿಲಿಗ್ರಾಮನ್ನು ಒಪ್ಪತಕ್ಕ ಮಿತಿಯೆಂದೂ, ಬೇರೆ ನೀರೇ ಇಲ್ಲದಲ್ಲಿ ೬೦೦ನ್ನು ಕಡೆಯ ಮಿತಿಯೆಂದೂ ಇಟ್ಟಿದೆ. ೨೦೦ನ್ನು ದಾಟಿದ ನೀರನ್ನು ಒಗೆತದ ಮಟ್ಟಿಗೆ ಗಡಸು ನೀರೆಂದೇ ತಿಳಿಯಬೇಕು.

ಗಡಸು ನೀರಿದ್ದರೆ ಯಂತ್ರ ಬೇಡವೆಂದಲ್ಲ. ಸಾಬೂನಿನ ಬದಲು ಡಿಟರ್ಜೆಂಟ್ ಪುಡಿಯನ್ನೇ ಬಳಸಬೇಕು, ತುಸು ಹೆಚ್ಚಾಗಿ ಬಳಸಬೇಕು. ಒಳಗೇ ನೀರು ಕಾಯಿಸುವ ಯಂತ್ರವನ್ನು ಕೊಂಡರೆ ಕಾಯಿಸುವ ಕೊಳವೆಗೆ ಹಕ್ಕಳೆ ಬೇಗ ಕಟ್ಟುತ್ತದೆಂಬುದನ್ನು ನೆನಪಿಡಬೇಕು. ತಿಂಗಳಿಗೊಮ್ಮೆ ಲಿಂಬೆಹುಳಿಯ ಹರಳುಗಳನ್ನು ಹಾಕಿ, ಅರಿವೆಯಿಲ್ಲದೆ ಯಂತ್ರವನ್ನು ಓಡಿಸಿದರೆ ಹಕ್ಕಳೆ ಕರಗುತ್ತದೆ. ಆದರೆ ಹುಳಿಯನ್ನೂ ಬ್ಲೀಚಿಂಗ್ ಪುಡಿಯನ್ನೂ ಎಂದಿಗೂ ಕೂಡಿಸಬಾರದು. ವಿಷದ ಗಾಳಿ ಏಳುತ್ತದೆ. ಬೋರಿನ ಉಸುಕು ನಳ ಕೂಡುವಲ್ಲಿಯ ಸಣ್ಣ ಜಾಲರಿಯನ್ನು ಕಟ್ಟಿಸುತ್ತದೆ. ಅದನ್ನೂ ತಿಂಗಳಿಗೊಮ್ಮೆ ಬಿಚ್ಚಿ ತೊಳೆಯಬೇಕು.

ಮೂರನೆಯ ಪರೀಕ್ಷೆ: ವಿದ್ಯುತ್ತು

ಮನೆಯ ವಿದ್ಯುತ್ತು ೨೩೦ ವೋಲ್ಟು ಇರಬೇಕು. ವಯರಮನ್ನನಿಂದ ಮೂರು ಹೊತ್ತು ಅಳೆಯಿಸಿರಿ: ಮುಂಜಾನೆ, ಸಂಜೆ ದೀಪ ಹಚ್ಚಿದಾಗ, ಮತ್ತು ಸುತ್ತಲಿನ ಹೊಲಗಳಲ್ಲಿ ಪಂಪುಗಳು ಓಡುತ್ತಿರುವಾಗ. ವೋಲ್ಟೇಜು ಇಳಿದರೆ ಸಾಮಾನ್ಯ ಮೋಟಾರಿನ ಬಲ ಅದಕ್ಕಿಂತ ಬೇಗ ಇಳಿಯುತ್ತದೆ. ೧೮೦ ವೋಲ್ಟಿನಲ್ಲಿ ಮೋಟಾರಿನ ತಿರುಗಿಸುವ ಬಲ ನೂರಕ್ಕೆ ಸುಮಾರು ೬೧ ಮಾತ್ರ ಉಳಿಯುತ್ತದೆ. ಭಾರ ಅಷ್ಟೇ, ಬಲ ಕಡಿಮೆ. ಮೋಟಾರು ಕಾಯ್ದು ಸುಡುತ್ತದೆ. ಬೋರಿನ ಮೋಟಾರು ಸುಟ್ಟುಕೊಂಡವರಿಗೆ ಇದನ್ನು ಹೆಚ್ಚು ಹೇಳಬೇಕಾದುದಿಲ್ಲ.

ವೋಲ್ಟೇಜು ಮೇಲಿಂದ ಮೇಲೆ ೨೦೦ಕ್ಕಿಂತ ಕೆಳಗೆ ಇಳಿಯುತ್ತಿದ್ದರೆ ಯಂತ್ರಕ್ಕೆ ತಕ್ಕ ಸ್ಟೆಬಿಲೈಸರಿನ ಬೆಲೆಯನ್ನೂ ಲೆಕ್ಕದಲ್ಲಿ ಹಿಡಿಯಿರಿ. ಒಂದೇ ತೊಟ್ಟಿಯ ಯಂತ್ರ ಕೊಳ್ಳುವುದಾದರೆ, ವಿದ್ಯುತ್ತು ಹೋಗಿ ಬಂದಾಗ ನಿಂತಲ್ಲಿಂದಲೇ ಕೆಲಸ ಮುಂದುವರಿಸುವ ಸೌಕರ್ಯವಿದೆಯೇ ಎಂದು ಕೇಳಿರಿ. ಇಲ್ಲದಿದ್ದರೆ ಪ್ರತಿ ಸಲ ಮೊದಲಿನಿಂದ ಸುರುವಾಗಿ ನೀರು ವ್ಯರ್ಥವಾದೀತು.

ಎಲ್ಲಕ್ಕಿಂತ ಮುಖ್ಯವಾದದ್ದು ಅರ್ಥಿಂಗ್. ಒದ್ದೆ ನೆಲ, ಒದ್ದೆ ಕೈ, ವಿದ್ಯುತ್ತಿನ ಯಂತ್ರ ಮೂರೂ ಒಂದೆಡೆ ಕೂಡುವ ಜಾಗವಿದು. ಮೂರು ಕಾಲಿನ ಪ್ಲಗ್ಗಿನಲ್ಲಿ ಮೂರನೆಯ ಕಾಲು ನಿಜವಾಗಿ ನೆಲಕ್ಕೆ ಕೂಡಿದೆಯೇ ನೋಡಿಸಬೇಕು. ೩೦ ಮಿಲಿ ಆಂಪಿಯರಿನ ಸೋರಿಕೆಗೇ ವಿದ್ಯುತ್ತನ್ನು ಕಡಿಯುವ ಸ್ವಿಚ್ಚನ್ನೂ ಕೂಡಿಸಿರಿ. ಯಂತ್ರ ಸ್ವಲ್ಪ ಸಣ್ಣದಾದರೂ ಚಿಂತೆಯಿಲ್ಲ, ಈ ಖರ್ಚನ್ನು ಬಿಡಕೂಡದು.

ನಾಲ್ಕನೆಯ ಪರೀಕ್ಷೆ: ಅರಿವೆಯ ತೂಕ

ಯಂತ್ರದ ಮೇಲೆ ೬.೫, ೭, ೮ ಕಿಲೋ ಎಂದು ಬರೆದಿರುವುದು ಒಣ ಅರಿವೆಯ ತೂಕ. ಒಂದು ಸಲದ ಒಗೆತದ ಅರಿವೆಗಳನ್ನು ಮನೆಯಲ್ಲಿಯೇ ತೂಗಿ ನೋಡಿರಿ. ಉದಾಹರಣೆಗೆ ಒಂದು ಮನೆಯ ಲೆಕ್ಕ: ಸೀರೆ ಎರಡು, ೧೦೦೦ ಗ್ರಾಮು, ಅಂಗಿ ನಾಲ್ಕು, ೧೦೦೦, ಪ್ಯಾಂಟು ಎರಡು, ೧೦೦೦, ಧೋತರ ಒಂದು, ೩೦೦, ಮಕ್ಕಳ ಶಾಲೆಯ ಅರಿವೆ ಎರಡು ಜೊತೆ, ೮೦೦, ಲಂಗ ಕುಪ್ಪಸಗಳು, ೬೦೦, ಟಾವೆಲ್ಲು ಎರಡು, ೬೦೦. ಒಟ್ಟು ೫೩೦೦ ಗ್ರಾಮು, ಅಂದರೆ ೫.೩ ಕಿಲೋ. ೭ ಕಿಲೋ ಯಂತ್ರದ ಮುಕ್ಕಾಲು ಪಾಲು ೫.೨೫ ಕಿಲೋ. ಈ ಮನೆಗೆ ೭ ಕಿಲೋದ್ದು ಸರಿ. ಅದಕ್ಕಿಂತ ದೊಡ್ಡದು ಏತಕ್ಕೆ?

ಕೌದಿಯ ಸಲುವಾಗಿ ದೊಡ್ಡ ಯಂತ್ರ ಕೊಳ್ಳಬೇಡಿರಿ. ಕೌದಿ, ಕಂಬಳಿ, ಒಂದಕ್ಕಿಂತ ಹೆಚ್ಚು ಸೊಲ್ಲಾಪುರ ಚಾದರಗಳು ನೀರು ಕುಡಿದು ಒಂದು ಬದಿಗೆ ಮುದ್ದೆಯಾಗಿ, ಹಿಂಡುವಾಗ ಯಂತ್ರವನ್ನು ಕುಣಿಸುತ್ತವೆ. ಇದರಿಂದ ಯಂತ್ರದ ಆಯುಷ್ಯ ಕುಂದುತ್ತದೆ. ವರ್ಷಕ್ಕೆರಡು ಸಲ ಒಗೆಯುವ ಇವುಗಳಿಗೆ ಹಳ್ಳದ ಬಂಡೆಯೋ ಹಿತ್ತಲ ಕಲ್ಲೋ ಇರಲಿ. ಬಣ್ಣ ಬಿಡುವ ಇಳಕಲ್ಲ ಸೀರೆಯನ್ನೂ ಕೈಯಿಂದಲೇ ಒಗೆಯುವುದು ಲೇಸು.

ಐದನೆಯ ಪರೀಕ್ಷೆ: ರಿಪೇರಿಯವರು ಎಲ್ಲಿಂದ ಬರುತ್ತಾರೆ?

ಗಡಿಯ ಆಚೆ ಇರುವ ನಮಗೆ ಇದು ವಿಶೇಷ ಪ್ರಶ್ನೆ. ಪೇಟೆ ಕೆಲವರಿಗೆ ಸೊಲ್ಲಾಪುರ, ಕೆಲವರಿಗೆ ಸಾಂಗಲಿ ಮಿರಜ, ಕೆಲವರಿಗೆ ವಿಜಯಪುರ. ಅಂಗಡಿ ಎಲ್ಲಿಯೇ ಇರಲಿ, ರಿಪೇರಿಯವರನ್ನು ಕಂಪನಿಯವರು ಸಾಮಾನ್ಯವಾಗಿ ನಿಮ್ಮ ಊರಿನ ಪಿನ್ ಕೋಡ್ ನೋಡಿ ಕಳಿಸುತ್ತಾರೆ. ಕೊಳ್ಳುವ ಮೊದಲೇ ಆ ಕಂಪನಿಗೆ ಫೋನು ಮಾಡಿ, ಪಿನ್ ಕೋಡ್ ಹೇಳಿ, “ನಮ್ಮ ಊರಿಗೆ ಯಾವ ಊರಿನಿಂದ ಬರುತ್ತೀರಿ, ಎಷ್ಟು ದಿನದಲ್ಲಿ ಬರುತ್ತೀರಿ, ಬರುವ ಖರ್ಚು ಎಷ್ಟು?” ಎಂದು ಕೇಳಿರಿ. ಸರಿಯಾದ ಉತ್ತರ ಬಾರದಿದ್ದರೆ ಎಷ್ಟು ಒಳ್ಳೆಯ ಹೆಸರಿನ ಯಂತ್ರವಾದರೂ ನಮಗೆ ಬೇಡ. ಊರಿನಲ್ಲಿ ಆಗಲೇ ಯಂತ್ರವಿದ್ದ ಮನೆಯವರನ್ನು ಕೇಳುವುದು ಅದಕ್ಕಿಂತ ಉತ್ತಮ.

ವಾರಂಟಿಯ ಚೀಟಿಯನ್ನೂ ಪೂರ್ತಿ ಓದಿಸಬೇಕು. “ಮೋಟಾರಿಗೆ ೧೦ ವರ್ಷ” ಎಂದು ದೊಡ್ಡ ಅಕ್ಷರದಲ್ಲಿದ್ದರೆ ಅದು ಸಾಮಾನ್ಯವಾಗಿ ಮೋಟಾರಿಗೆ ಮಾತ್ರ. ಸೂಕ್ಷ್ಮ ಫಲಕ, ನೀರಿನ ಕವಾಟ, ಬೆಲ್ಟು ಇವುಗಳಿಗೆ ಎಷ್ಟು ವರ್ಷ ಎಂಬುದೇ ತಿಳಿಯಬೇಕಾದ ಸಂಗತಿ.

ಬಿಲ್ಲನ್ನು ತಪ್ಪದೆ ಪಡೆದು ಕಾಯ್ದಿಡಿರಿ. ಗ್ರಾಹಕ ಸಂರಕ್ಷಣಾ ಕಾಯಿದೆ ೨೦೧೯ರ ಪ್ರಕಾರ ಗ್ರಾಹಕನು ತಾನು ವಾಸಿಸುವ ಜಿಲ್ಲೆಯ ಆಯೋಗದಲ್ಲಿಯೇ ದೂರು ಕೊಡಬಹುದು. ಯಂತ್ರವನ್ನು ವಿಜಯಪುರದಲ್ಲಿ ಕೊಂಡಿದ್ದರೂ ಅಕ್ಕಲಕೋಟೆಯವರು ಸೊಲ್ಲಾಪುರದಲ್ಲಿ, ಜತ್ತದವರು ಸಾಂಗಲಿಯಲ್ಲಿ ದೂರು ಸಲ್ಲಿಸಬಹುದು. ಅದಕ್ಕೂ ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ೧೯೧೫ಕ್ಕೆ ಫೋನು ಮಾಡಬಹುದು.

ಅಂಗಡಿಯಲ್ಲಿ ನೋಡಬೇಕಾದದ್ದು

ಒಳಗಿನ ತೊಟ್ಟಿಯಲ್ಲಿ ಕೈಯಾಡಿಸಿರಿ. ಅರಿವೆ ಸಿಕ್ಕುವಂತಹ ಚೂಪು ಅಂಚುಗಳಿರಬಾರದು. ತಳದ ತಟ್ಟೆಗೂ ತೊಟ್ಟಿಗೂ ನಡುವೆ ಧೋತರದ ಅಂಚು ಸಿಕ್ಕುವಷ್ಟು ಸಂದು ಇರಬಾರದು. ಎಳೆ ಹಿಡಿಯುವ ಜಾಲರಿ ಸುಲಭವಾಗಿ ಬಿಚ್ಚಿ ಬರಬೇಕು. ಕೆಳಗೆ ಇಲಿ ನುಗ್ಗದಂತೆ ಮುಚ್ಚಳವಿರಬೇಕು. ಕಾಳಿನ ಚೀಲಗಳಿರುವ ಮನೆಯಲ್ಲಿ ಇಲಿ ತಂತಿ ಕಡಿಯುವುದು ಹೊಸತಲ್ಲ. ಒದ್ದೆ ಬಚ್ಚಲಿನಲ್ಲಿ ಇಡುವುದಾದರೆ ತುಕ್ಕು ಹಿಡಿಯದ ಮೈ ಒಳ್ಳೆಯದು. ನಕ್ಷತ್ರದ ಗುರುತಿನ ಚೀಟಿಯಿದ್ದರೆ ಅದರಲ್ಲಿಯ ವಿದ್ಯುತ್ತು, ನೀರುಗಳ ಅಂಕಿಗಳನ್ನು ಹೋಲಿಸಿರಿ. ಕೊಳೆನೀರು ತಾನಾಗಿ ಇಳಿದು ಹೋಗುವ ಯಂತ್ರವಾದರೆ ಅದರ ಕೊಳವೆಯನ್ನು ಮೇಲೆತ್ತಿ ಕಟ್ಟಬಾರದು. ಮೋರಿಯು ಯಂತ್ರದ ತಳಕ್ಕಿಂತ ಕೆಳಗಿರಬೇಕು.

ಮನೆಗೆ ತಂದ ದಿನವೇ ಗುಂಡಿಗಳ ಮೇಲಿನ ಇಂಗ್ಲಿಷ್ ಮಾತುಗಳ ಪಕ್ಕದಲ್ಲಿ “ಒಗೆ”, “ಜಾಲಿಸು”, “ಹಿಂಡು” ಎಂದು ಕನ್ನಡದ ಚೀಟಿ ಅಂಟಿಸಿರಿ. ಈ ಕೆಲಸವನ್ನು ಮಗಳಿಗೆ ಒಪ್ಪಿಸಿದರೆ ಅಜ್ಜಿಗೂ ಯಂತ್ರದ ಭಯ ಹೋಗುತ್ತದೆ.

ನೀರು ಉಳಿಸುವ ಲೆಕ್ಕ

ಬರದ ನಾಡಿನವರು ಜೋಡು ತೊಟ್ಟಿಯ ಯಂತ್ರದಲ್ಲಿ ಹೀಗೆ ಮಾಡಬಹುದು. ಒಂದು ಸಲ ತುಂಬಲು ೪೫ ಲೀಟರು ನೀರು ಹಿಡಿಯುತ್ತದೆಂದು ಇಟ್ಟುಕೊಳ್ಳೋಣ. ಒಂದು ಕಂತಿನ ಅರಿವೆಗೆ ಒಗೆಯಲು ಒಮ್ಮೆ, ಜಾಲಿಸಲು ಎರಡು ಸಲ, ಒಟ್ಟು ೧೩೫ ಲೀಟರು. ಎರಡು ಕಂತಿಗೆ ೨೭೦ ಲೀಟರು.

ಈಗ ಕ್ರಮವನ್ನು ಬದಲಿಸಿರಿ. ಮೊದಲು ಶಾಲೆಯ ಅರಿವೆ, ಬಿಳಿಯ ಅರಿವೆಗಳನ್ನು ಒಗೆದು ಬುಟ್ಟಿಗೆ ತೆಗೆಯಿರಿ. ಅದೇ ಸಾಬೂನಿನ ನೀರಿನಲ್ಲಿ ಹೊಲದ ಅರಿವೆಗಳನ್ನು ಒಗೆದು, ಆಮೇಲೆ ನೀರು ಬಿಡಿರಿ. ಬಳಿಕ ಮೊದಲಿನ ಕಂತನ್ನು ಎರಡು ಸಲ ಹೊಸ ನೀರಿನಲ್ಲಿ ಜಾಲಿಸಿರಿ. ಎರಡನೆಯ ಸಲದ ನೀರನ್ನು ಬಿಡದೆ, ಅದರಲ್ಲಿಯೇ ಹೊಲದ ಅರಿವೆಗಳನ್ನು ಒಮ್ಮೆ ಜಾಲಿಸಿ, ಕಡೆಗೊಮ್ಮೆ ಹೊಸ ನೀರು ಕೊಡಿರಿ. ಒಟ್ಟು ನಾಲ್ಕು ಸಲ ತುಂಬಿದಂತಾಯಿತು, ಅಂದರೆ ೧೮೦ ಲೀಟರು. ಉಳಿದದ್ದು ೯೦ ಲೀಟರು. ೧೫ ಲೀಟರಿನ ಕೊಡವಾದರೆ ಆರು ಕೊಡ!

ಔಷಧಿ ಹೊಡೆದ ಅರಿವೆ ಮತ್ತು ಕೊಳೆನೀರು

ಬೆಳೆಗೆ ಕ್ರಿಮಿನಾಶಕ ಹೊಡೆಯುವಾಗ ಉಟ್ಟ ಅರಿವೆಗಳಿಗೆ ಮೇಲಿನ ಉಳಿತಾಯದ ಕ್ರಮ ಸಲ್ಲದು. ಅವುಗಳನ್ನು ಮನೆಯ ಬೇರೆ ಅರಿವೆಗಳೊಡನೆ, ಅದರಲ್ಲಿಯೂ ಮಕ್ಕಳ ಅರಿವೆಗಳೊಡನೆ, ಎಂದಿಗೂ ಕೂಡಿಸಬಾರದು. ಅದೇ ದಿನ, ಕೈಚೀಲ ಹಾಕಿಕೊಂಡು, ಮೊದಲು ಬೇರೆ ಬಕೀಟಿನಲ್ಲಿ ಜಾಲಿಸಬೇಕು. ಪುಸ್ತಿಕೆ ಹೇಳಿದ ಮಿತಿಯೊಳಗಿನ ಬಿಸಿನೀರು, ಸಾಕಷ್ಟು ಪುಡಿ ಹಾಕಿ ಬೇರೆಯಾಗಿ ಒಗೆಯಬೇಕು. ನಂತರ ಯಂತ್ರವನ್ನು ಪುಡಿ ಹಾಕಿ ಬರಿದೇ ಒಂದು ಸಲ ಓಡಿಸಬೇಕು. ಅರಿವೆಗಳನ್ನು ಬಿಸಿಲಿನಲ್ಲಿ ಒಣಗಿಸಬೇಕು. ನೀರು ಬೆರೆಸದ ಔಷಧಿಯೇ ಚೆಲ್ಲಿ ತೊಯ್ದ ಅರಿವೆಯನ್ನು ಒಗೆಯುವ ಗೊಡವೆಗೆ ಹೋಗದೆ ಬಿಟ್ಟುಬಿಡಬೇಕು. ಆ ಒಗೆತದ ನೀರು ಬಾವಿಗೂ ದನದ ಬಾನಿಗೂ ಸೇರಬಾರದು.

ಸಾಮಾನ್ಯ ಒಗೆತದ ನೀರನ್ನು ಗಿಡಗಳಿಗೆ ಬಿಡುವವರು ಒಂದು ಮಾತು ತಿಳಿದಿರಬೇಕು. ಒಗೆಯುವ ಪುಡಿಯಲ್ಲಿ ಸೋಡಿಯಂ ಲವಣಗಳಿರುತ್ತವೆ. ಸದಾ ಒಂದೇ ಕಡೆ ಬಿಟ್ಟರೆ ಎರೆಭೂಮಿಯ ಜಿಗುಟು ಕಣಗಳು ಬಿಡಿಬಿಡಿಯಾಗಿ ಚದರಿ, ನೆಲ ಕಟ್ಟಿ, ನೀರು ಇಂಗದಂತಾಗುತ್ತದೆ. ಸಾಬೂನಿನ ನೀರನ್ನು ಮೋರಿಗೆ ಬಿಟ್ಟು, ಜಾಲಿಸಿದ ನೀರನ್ನು ಮಾತ್ರ ಗಿಡದಿಂದ ಗಿಡಕ್ಕೆ ಬದಲಿಸುತ್ತ ಕೊಡಿರಿ. ಹಸಿಯಾಗಿ ತಿನ್ನುವ ಸೊಪ್ಪಿಗೆ ಅದೂ ಬೇಡ.

ನಿರ್ಣಯ

ನೀರು ಹೊತ್ತು ತರುವ ಮನೆ, ವೋಲ್ಟೇಜು ಏರಿಳಿಯುವ ಊರು, ರಿಪೇರಿಯವರು ದೂರ: ಇಂಥಲ್ಲಿ ಜೋಡು ತೊಟ್ಟಿಯ ೭ ಕಿಲೋ ಯಂತ್ರ. ಎತ್ತರದ ಟಾಕಿ, ನೆಟ್ಟಗಿನ ವಿದ್ಯುತ್ತು, ಕರೆದರೆ ಬರುವ ರಿಪೇರಿಯವರು, ಮನೆಯಲ್ಲಿ ಕೆಲಸಕ್ಕೆ ಕೈಗಳು ಕಡಿಮೆ: ಇಂಥಲ್ಲಿ ಒಂದೇ ತೊಟ್ಟಿಯದು. ಅರ್ಥಿಂಗ್ ಇಲ್ಲ, ನೀರಿಗೂ ನೆಲೆಯಿಲ್ಲ: ಇಂಥಲ್ಲಿ ಈ ವರ್ಷದ ಹಣವನ್ನು ಮೊದಲು ಅವುಗಳಿಗೆ ಹಾಕಿ, ಯಂತ್ರವನ್ನು ಮುಂದಿನ ಸುಗ್ಗಿಗೆ ಕೊಳ್ಳುವುದು ಜಾಣತನ.

ಕಡೆಯದಾಗಿ ಒಂದು ಸೂಚನೆ. ಕೊಳ್ಳುವ ದಿನ ಮನೆಯಲ್ಲಿ ಅರಿವೆ ಒಗೆಯುವವಳನ್ನು ಅಂಗಡಿಗೆ ಕರೆದುಕೊಂಡು ಹೋಗಿರಿ. ಮುಚ್ಚಳದ ಎತ್ತರ ಅವಳ ಕೈಗೆ ಸರಿಯೇ, ಗುಂಡಿ ಅವಳ ಕಣ್ಣಿಗೆ ಕಾಣುತ್ತದೆಯೇ ಎಂಬುದನ್ನು ಅವಳೇ ಹೇಳಬೇಕು.

ಅಭ್ಯಾಸಕ್ಕೆ ಪ್ರಶ್ನೆಗಳು

೧. ನಿಮ್ಮ ಟಾಕಿಯ ತಳವು ನಳಕ್ಕಿಂತ ಎಷ್ಟು ಅಡಿ ಮೇಲಿದೆ? ಅಳೆದು ಬರೆಯಿರಿ.
೨. ನಿಮ್ಮ ಬೋರಿನ ನೀರಿನಲ್ಲಿ ಸಾಬೂನಿನ ನೊರೆ ನಿಲ್ಲುತ್ತದೆಯೇ?
೩. ಪಂಪು ಓಡುವಾಗ ಮನೆಯ ವೋಲ್ಟೇಜು ಎಷ್ಟು?
೪. ನಿಮ್ಮ ಮನೆಯ ಒಂದು ದಿನದ ಒಣ ಅರಿವೆಯ ತೂಕವೆಷ್ಟು? ಎಷ್ಟು ಕಿಲೋದ ಯಂತ್ರ ಬೇಕು?
೫. ನಿಮ್ಮ ಪಿನ್ ಕೋಡಿಗೆ ರಿಪೇರಿಯವರು ಯಾವ ಊರಿನಿಂದ ಬರುತ್ತಾರೆ?

ಈ ಐದೂ ಉತ್ತರಗಳನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಅಂಗಡಿಯ ಮೆಟ್ಟಿಲು ಹತ್ತಿರಿ.